ಬರೀ ಮುಖ್ಯಾಂಶ

“ಎಲ್ಲರ ಕೈ ಎತ್ತಿಸಿದವನು ನೀನು! ಈಗ ನನ್ನ ಮುಖ ನೋಡೋಕೂ ಆಗಲ್ವಾ?”

ತಂಗಿ ಇಸ್ತ್ರಿ ಯಂತ್ರದ ಹಬೆಯೊಳಗಿಂದಲೇ ಕೂಗಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಆ ನೆಲಮಾಳಿಗೆಯಲ್ಲಿ ಕೂಗದೆ ಮಾತೇ ಇಲ್ಲ. ಅಣ್ಣ ತಲೆ ಎತ್ತದೆ ಒದ್ದೆ ಹೊದಿಕೆಗಳನ್ನು ಡ್ರೈಯರಿಗೆ ತುರುಕುತ್ತಿದ್ದ. ಕಾರ್ಮಿಕ ಸಂಘದ ಮುಖಂಡ ಅವನು; ಎಲ್ಲರಿಗೂ ‘ಲೀಡರ್’.

“ರೇಡಿಯೋದಲ್ಲಿ ಬಂದಿದ್ದು ನಿನ್ನ ಕಿವಿಗೂ ಬಿತ್ತಲ್ಲಮ್ಮಾ. ಪಿಂಚಣಿ ಭದ್ರ ಅಂದ್ರು. ನಾನೇನು ಕತೆ ಕಟ್ಟಿದ್ನಾ?”

“ಯಾರಿಗಪ್ಪಾ ಭದ್ರ? ಈ ವರ್ಷ ರಿಟೈರಾಗಿ ಮನೆಗೆ ಹೋಗ್ಬೇಕಾದೋಳು ನಾನು, ಇನ್ನೂ ಮೂರು ವರ್ಷ ಇಲ್ಲೇ ಬೇಯ್ಬೇಕಂತೆ! ಈ ಕೈ ನೋಡು, ಲೋಟ ಹಿಡಿಯಲ್ಲ.”

ಅವನು ನೋಡಲಿಲ್ಲ. ಅದು ಅವನಿಗೆ ಗೊತ್ತಿದ್ದ ಕೈಯೇ.

ಅಲ್ಲಿನ ರೂಢಿಯೇ ಹಾಗಿತ್ತು. ಚಹಾದ ಹೊತ್ತಿಗೆ ಯಂತ್ರ ನಿಲ್ಲಿಸಿ ವಾರ್ತೆ ಹಚ್ಚುತ್ತಿದ್ದರು. ಮುಖ್ಯಾಂಶ ಮುಗಿಯುವಷ್ಟರಲ್ಲಿ ಚಹಾ ಮುಗಿಯುತ್ತಿತ್ತು. ವಿವರ ಶುರುವಾಗುವಾಗ ಯಂತ್ರವೂ ಶುರು. ಎಲ್ಲೋ ಯುದ್ಧ ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಹೊಸ ಪಿಂಚಣಿ ಕಾನೂನಿನ ಸುದ್ದಿಯೂ ಹಾಗೇ ಬಂತು: ‘ಎಲ್ಲರ ಪಿಂಚಣಿ ಇನ್ನು ಭದ್ರ.’ ನಿವೃತ್ತಿ ವಯಸ್ಸು ಏರಿಸುವ ಮಾತು ಡ್ರೈಯರಿನ ಗದ್ದಲದಲ್ಲಿ ಮುಳುಗಿತು. ಸರ್ಕಾರ ಸಂಘಗಳ ಅಭಿಪ್ರಾಯ ಕೇಳಿದಾಗ ಸಭೆಯಲ್ಲಿ ಲೀಡರ್ ಒಪ್ಪಿಗೆ ಅಂತ ಕೈ ಎತ್ತಿದ, ಮಿಕ್ಕವರೂ ಎತ್ತಿದರು. ತಂಗಿಯಂತೂ ಎರಡೂ ಕೈ ಎತ್ತಿ ಎಲ್ಲರನ್ನೂ ನಗಿಸಿದ್ದಳು.

ಸರ್ಕಾರದ ಪುಸ್ತಿಕೆಯೂ ಬಂದಿತ್ತು. ಮುಖಪುಟದ ಮೇಲೆ ನಗುವ ಮುದುಕ ಮುದುಕಿ, ಒಳಗೆ ಇರುವೆ ಸಾಲಿನಂಥ ಅಕ್ಷರ. ಲೀಡರ್ ಓದಬೇಕಿತ್ತು. ಪಾಳಿ ಮುಗಿಸಿ ಸೋತು ಬಂದವನು ಅದನ್ನು ದಿಂಬಿನ ಪಕ್ಕ ಇಟ್ಟು ಮಲಗಿದ್ದ, ಅಷ್ಟೇ.

“ಮೇಲಿನವರಿಗೆ ಬರೀತೀನಿ ಕಣೇ.”

“ಬರಿ, ದಪ್ಪಕ್ಷರದಲ್ಲಿ ಬರಿ. ಅವರಿಗೂ ಅಷ್ಟೇ ಕಾಣ್ಸೋದು.”

ಬಟ್ಟೆ ಮಡಿಸುತ್ತಿದ್ದವರು ನಕ್ಕರು. ಅವನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ತ್ರಾಣ ಬೇಕು.

“ಈಗ್ಲೇ ಕೆಲಸ ಬಿಟ್ರೆ ಪಿಂಚಣಿ ಕಡಿತ ಆಗುತ್ತೆ. ಜೀವನಪೂರ್ತಿ. ಹುಚ್ಚುಚ್ಚಾಗಿ ಆಡ್ಬೇಡ.”

“ಆಗ್ಲಿ ಬಿಡು. ಪೂರ್ತಿ ತಗೊಂಡ್ರೆ ಎಣಿಸೋಕೆ ಬೆರಳಾದ್ರೂ ಉಳೀಬೇಕಲ್ಲಣ್ಣಾ.”

ಆ ‘ಅಣ್ಣಾ’ದಲ್ಲಿ ಜಗಳವೇ ಇರಲಿಲ್ಲ. ಅವನು ಮೊದಲ ಸಲ ಅವಳತ್ತ ತಿರುಗಿದ. ಅವಳು ಹಬೆಯ ಗುಂಡಿ ತಿರುಗಿಸಿ ನಿಲ್ಲಿಸಿದಳು. ಅರ್ಧ ಒತ್ತಿದ್ದ ಹೊದಿಕೆಯನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿದಳು.

ಕೋಪ ಇಳಿದರೆ ಬರುತ್ತಾಳೆ ಅಂದುಕೊಂಡ. ಚಿಕ್ಕವಳಿದ್ದಾಗ ಎಷ್ಟೇ ರಂಪ ಮಾಡಿ ಹೋದರೂ ಊಟದ ಹೊತ್ತಿಗೆ ಬರುತ್ತಿದ್ದಳು. ಆ ದಿನ ಬರಲಿಲ್ಲ. ಮಾರನೆಯ ದಿನ ಅವಳ ಯಂತ್ರಕ್ಕೆ ಇನ್ನೊಬ್ಬಳನ್ನು ಕಳಿಸಿದರು. ಕೆಲಸ ಹೇಳಿಕೊಡಲು ಲೀಡರೇ ಪಕ್ಕದಲ್ಲಿ ನಿಲ್ಲಬೇಕಾಯಿತು.