ಕಚ್ಚಾ ಹೊಲಿಗೆಯ ಪ್ರವಾಸ

ಟ್ರಯಲ್ ನೋಡದೆ ಒಂದು ಕೋಟನ್ನೂ ಗಿರಾಕಿಯ ಕೈಗೆ ಕೊಟ್ಟವರಲ್ಲ ಮಾಸ್ಟರ್. ಬಿಳಿ ನೂಲಿನಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಯನ್ನು ಕನ್ನಡಿ ಮುಂದೆ ನಿಲ್ಲಿಸಿ, ಕೈ ಎತ್ತಿಸಿ, ಕೂರಿಸಿ, ಬಗ್ಗಿಸಿ, "ಎಲ್ಲಿ, ಒಂದ್ಸಲ ಸೀನಿ ನೋಡೋಣ" ಎಂದು ಸೀನಿಸಿ, ಆಮೇಲೆ ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿಯುವ ಜಾತಿ ಅವರದು. ಮದುವೆಗೆಂದು ಕೊಟ್ಟ ಸೂಟು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಸಿಕ್ಕಿದ್ದೂ ಉಂಟು. ಆದರೆ ಸಿಕ್ಕಿದ ಮೇಲೆ ಹೆಗಲ ಹತ್ತಿರ ಒಂದೇ ಒಂದು ಸುಕ್ಕು ಹುಡುಕಿ ತೋರಿಸಿ, ಆಗ ಮಾತಾಡೋಣ! ಊರು ಅವರನ್ನು ಟ್ರಯಲ್ ಮಾಸ್ಟರ್ ಎಂದು ಕರೆಯುತ್ತಿತ್ತು. ಅದೊಂದು ಬಿರುದು ಎಂದು ಅವರು ಹಿಗ್ಗುತ್ತಿದ್ದರು.

ಆ ದರ್ಜಿ ಅಂಗಡಿಯ ಒಳಮೂಲೆಯಲ್ಲಿ, ಕಿಟಕಿಯ ಬೆಳಕಿಗೆ ಮೈ ತಿರುಗಿಸಿ ಕೂತು, ಕೋಟುಗಳಿಗೆ ಗುಂಡಿ ತೂರುವ ಕಾಜಾ ತೆಗೆದು ಗುಂಡಿ ಹಾಕುತ್ತಿದ್ದವಳು ಅವರ ಹೆಂಡತಿ. ಅವಳಿಗೂ ಊರು ಒಂದು ಹೆಸರಿಟ್ಟಿತ್ತು, ಕಾಜಕ್ಕ ಅಂತ. ಅವಳೆದುರಿನ ಗೋಡೆಯ ಮೇಲೆ ನೂಲಿನ ಕಂಪನಿಯವರು ಯಾವ ಕಾಲದಲ್ಲೋ ಕೊಟ್ಟ ಕ್ಯಾಲೆಂಡರು. ತಾರೀಖುಗಳೆಲ್ಲ ಹರಿದುಹೋಗಿ ಚಿತ್ರವೊಂದೇ ಉಳಿದಿತ್ತು. ಯುರೋಪಿನ ಒಂದು ಹಳೇ ರಾಜಧಾನಿ, ನಡುವೆ ನದಿ, ನದಿಯ ಮೇಲೆ ಕಲ್ಲಿನ ಸೇತುವೆ, ಸೇತುವೆ ಮುಗಿದಲ್ಲಿ ಮನೆಗಳ ಮಧ್ಯೆ ನುಸುಳಿ ಎಡಕ್ಕೆ ಹೊರಳುವ ಒಂದು ಓಣಿ. ಸರಿಯಾಗಿ ಆ ತಿರುವಿನಲ್ಲೇ ಚಿತ್ರ ಮುಗಿದುಬಿಡುತ್ತಿತ್ತು.

ಸೂಜಿಗೆ ನೂಲು ಪೋಣಿಸುವಾಗಲೆಲ್ಲ ಕಾಜಕ್ಕನ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಆ ತಿರುವಿನ ಆಚೆ ಏನಿದ್ದೀತು? ಅಂಗಡಿಯೋ, ಬಾವಿಯೋ, ಯಾರೋ ಬಟ್ಟೆ ಒಣಹಾಕಿದ ಅಂಗಳವೋ? ಅರಮನೆ, ಗೋಪುರ ಎಲ್ಲ ಬೇಕಾದವರು ನೋಡಿಕೊಳ್ಳಲಿ, ತಾನು ಬದುಕಿರುವಷ್ಟರಲ್ಲಿ ಒಂದು ಸಲ ಆ ತಿರುವು ದಾಟಿ ನಿಂತುಬಿಟ್ಟರೆ ಸಾಕು ಎಂದು ಅವಳ ಆಸೆ. ಗಂಡನಿಗೂ ಇದು ಗೊತ್ತಿತ್ತು. "ಹೋಗೋಣ ಕಣೇ, ಹೋಗದೆ ಏನು? ಆದ್ರೆ ಪ್ಲಾನ್ ಮಾಡ್ಕೊಂಡು ಹೋಗ್ಬೇಕು" ಎಂದಿದ್ದರು. ಆ ಮಾತು ಹೇಳಿದಾಗ ಹೊಟ್ಟೆಯಲ್ಲಿದ್ದ ಮಗಳಿಗೆ ಈಗ ಮದುವೆಯಾಗಿ, ಮನೆಗೆ ಅಳಿಯನೂ ಬಂದಾಗಿತ್ತು.

ಮಾಸ್ಟರ್ ಜಿಪುಣರಲ್ಲ, ಸುಳ್ಳು ಹೇಳುವವರೂ ಅಲ್ಲ. ಪ್ರವಾಸಕ್ಕೂ ಟ್ರಯಲ್ ನೋಡುತ್ತಿದ್ದರು, ಅಷ್ಟೇ. ಒಂದು ವರ್ಷ ಪೆಟ್ಟಿಗೆಯ ಟ್ರಯಲ್. ತುಂಬಿದ ಪೆಟ್ಟಿಗೆ ಎಳೆದುಕೊಂಡು ಬೀದಿ ಸುತ್ತಿ ಬಂದು, "ಚಕ್ರ ಕಿರುಗುಟ್ಟುತ್ತೆ, ಈ ವರ್ಷ ಬೇಡ" ಎಂದರು. ಇನ್ನೊಂದು ವರ್ಷ ಚಳಿಯ ಟ್ರಯಲ್. ಐಸ್‌ಕ್ರೀಮ್ ಗೋದಾಮಿನವನನ್ನು ಕಾಡಿ ಬೇಡಿ ಅವನ ತಣ್ಣನೆ ಕೋಣೆಯಲ್ಲಿ ನಿಂತು ಬಂದರು. ನೆಗಡಿಯಾಯಿತು, ಪ್ರವಾಸ ನಿಂತಿತು. ಪಾಸ್‌ಪೋರ್ಟು ಒಂದೂ ಮುದ್ರೆ ಕಾಣದೆ ಅವಧಿ ಮುಗಿದು, ಮತ್ತೆ ಹೊಸದಾಗಿ ಬಂದಿತ್ತು.

ಈ ವರ್ಷ ಮಾತ್ರ ಹಾಗೆ ಬಿಡುವಂತಿರಲಿಲ್ಲ. ಊರಿನ ಪ್ರವಾಸದ ಆಫೀಸಿನವರು ಅದೇ ರಾಜಧಾನಿಗೆ ಒಂದು ಗುಂಪು ಹೊರಡಿಸುತ್ತಿದ್ದರು, ಶನಿವಾರ ಸಂಜೆ ಬಾಗಿಲು ಹಾಕುವುದರೊಳಗೆ ಹೆಸರು ಕೊಟ್ಟವರಿಗೆ ಜಾಗ. ಸಾಲದ್ದಕ್ಕೆ ಕಾಜಕ್ಕನ ಮಂಡಿ ತಕರಾರು ತೆಗೆದಿತ್ತು. ಅದನ್ನು ಒತ್ತಿ ನೋಡಿದವಳು ಮಾಸ್ಟರ ತಂಗಿ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು, ಸೂಜಿಗಿಂತ ನಾಲಿಗೆ ಚೂಪು.

"ಅತ್ತಿಗೆ, ಈ ವರ್ಷ ನಡೆದರೆ ನಡೆದಂಗೆ. ಮುಂದಿನ ವರ್ಷ ಈ ಮಂಡಿ ನಿಮ್ಮನ್ನ ಬಚ್ಚಲಿಗೆ ಕರ್ಕೊಂಡು ಹೋದ್ರೆ ದೊಡ್ಡದು. ಅಣ್ಣಾ, ಕೇಳಿಸ್ತಾ?"

"ಕೇಳಿಸ್ತು. ಅದಕ್ಕೇ ಈ ಸಲ ಪೂರ್ತಿ ಟ್ರಯಲ್" ಎಂದರು ಮಾಸ್ಟರ್.

ಶುಕ್ರವಾರ ಕತ್ತರಿಸುವ ಮೇಜಿನ ಮೇಲೆ ರಾಜಧಾನಿಯ ನಕ್ಷೆ ಹರಡಿತು. ಮಾಸ್ಟರ್ ಅಳತೆಯ ಟೇಪು ಹಿಡಿದು ಅರಮನೆಗೂ ಮ್ಯೂಸಿಯಮ್ಮಿಗೂ ನಡುವಿನ ದೂರ ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಪಕ್ಕದಲ್ಲಿ ಅಳಿಯ. ಅವನು ಒಂದು ಸಲ ಎಲ್ಲಿಗೋ ಹೋಗುವಾಗ ಆ ಊರಿನ ವಿಮಾನ ನಿಲ್ದಾಣದಲ್ಲಿ ಇನ್ನೊಂದು ವಿಮಾನಕ್ಕೆಂದು ಅರ್ಧ ದಿನ ಕಾದಿದ್ದ. ಆವತ್ತಿನಿಂದ ಅವನು ಆ ಊರಿನ ಪಂಡಿತ.

"ಆ ಊರಿನ ಗಾಳಿನೇ ಬೇರೆ, ಮಾವ. ಉಸಿರು ತಗೊಂಡ್ರೆ ಇತಿಹಾಸ ಒಳಗೆ ಹೋದಂಗಾಗುತ್ತೆ."

"ಗಾಜಿನೊಳಗೆ ಕೂತಿದ್ದೋನಿಗೆ ಗಾಳಿ ಎಲ್ಲಿಂದ ಬಂತಪ್ಪಾ?" ಎಂದಳು ನರ್ಸಮ್ಮ.

"ಬಾಗಿಲು ತೆಗೆದು ಹಾಕ್ತಾ ಇರ್ತಾರಲ್ಲ, ಚಿಕ್ಕಮ್ಮ."

"ಸರಿ ಬಿಡು. ಹೊರಗೆ ಹೋಗಿದ್ರೆ ಇತಿಹಾಸ ಜಾಸ್ತಿಯಾಗಿ ಅಜೀರ್ಣ ಆಗ್ತಿತ್ತು ನಿಂಗೆ."

ಕಾಜಕ್ಕ ನಕ್ಷೆಯ ಮೇಲೆ ಬಗ್ಗಿದಳು. "ಏನ್ರೀ, ಸೇತುವೆ ಹತ್ರ ಎಷ್ಟೊತ್ತು ಇರ್ತೀವಿ?"

"ಸೇತುವೆ ದಾಟೋದಕ್ಕೆ ಇರೋದು ಕಣೇ, ಇರೋದಕ್ಕಲ್ಲ."

ಶನಿವಾರ ಬೆಳಗಾಯಿತು. ಮಾಸ್ಟರ ಏರ್ಪಾಡು ಇಷ್ಟೇ. ಆ ದಿನ ತಮ್ಮೂರನ್ನೇ ರಾಜಧಾನಿ ಎಂದುಕೊಂಡು ಇಡೀ ಪ್ರವಾಸ ನಡೆದು ನೋಡುವುದು. ಪೋಸ್ಟಾಫೀಸು ಅರಮನೆ, ತರಕಾರಿ ಮಾರುಕಟ್ಟೆ ಮ್ಯೂಸಿಯಂ, ನೀರಿನ ಟ್ಯಾಂಕು ಗೋಪುರ, ರೈಲು ಹಳಿಯ ಮೇಲಿನ ಕಾಲುಸೇತುವೆಯೇ ಕಲ್ಲಿನ ಸೇತುವೆ. ಸರಿಹೊಂದಿದರೆ ನೇರವಾಗಿ ಹೋಗಿ ಹೆಸರು ಕೊಡುವುದು. ಅಳಿಯನಿಗೆ ಮುಖ್ಯವಾದ ಕೆಲಸ ಬಂದುಬಿಟ್ಟಿತು, ಪಂಡಿತರಿಗೆ ಕಾಲ್ನಡಿಗೆಯ ದಿನವೇ ಹಾಗೆ ಕೆಲಸ ಬರುವುದುಂಟು. ಉಳಿದ ಮೂವರು ಹೊರಟರು.

ಅರಮನೆಯ ಮುಂದೆ ಮಾಸ್ಟರ್ ಇಬ್ಬರನ್ನೂ ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿದರು, ಅಲ್ಲಿ ಸಾಲು ಇರುತ್ತದಂತೆ. ಸಾಲು ಎಂಬುದು ಬೆಲ್ಲದ ತುಣುಕು ಇದ್ದಂತೆ, ಇಟ್ಟರೆ ಸಾಕು, ಇರುವೆಗಳು ಎಲ್ಲಿಂದಲೋ ಬರುತ್ತವೆ. ನೋಡನೋಡುತ್ತಿದ್ದಂತೆ ಹಿಂದೆ ಒಬ್ಬ ಮುದುಕ, ಅವನ ಹಿಂದೆ ಚೀಲ ಹಿಡಿದ ಹೆಂಗಸು, ಅವಳ ಹಿಂದೆ ಹಾಲಿನವನು.

"ಇದು ಯಾತಕ್ಕೆ ಸಾಲು?" ಎಂದ ಹಾಲಿನವನು.

"ಗೊತ್ತಿಲ್ಲಪ್ಪ. ಕೊಡೋವಾಗ ಗೊತ್ತಾಗುತ್ತೆ" ಎಂದ ಮುದುಕ.

ಕಿಟಕಿಯ ಹತ್ತಿರ ಬಂದಾಗ ಮಾಸ್ಟರ್ ಗಂಟಲು ಸರಿಪಡಿಸಿಕೊಂಡು ಶುರುಮಾಡಿದರು. "ಈ ಅರಮನೆಯನ್ನ ರಾಜ ತನ್ನ ಎರಡನೇ ಹೆಂಡತಿಗೋಸ್ಕರ ಕಟ್ಟಿಸಿದ. ಕಟ್ಟಿ ಮುಗಿಯೋ ಹೊತ್ತಿಗೆ ಮೂರನೆಯವಳು ಬಂದಿದ್ಲು."

ಒಳಗಿದ್ದ ಗುಮಾಸ್ತ ಕನ್ನಡಕ ಕೆಳಗಿಳಿಸಿ ನೋಡಿದ. "ಮಾಸ್ಟ್ರೇ, ಸ್ಟಾಂಪ್ ಬೇಕಾ, ಬೇಡ್ವಾ?"

"ನಾವು ನೋಡೋಕೆ ಬಂದಿರೋದು."

"ನೋಡಾಯ್ತಲ್ಲ. ಸರೀರಿ ಪಕ್ಕಕ್ಕೆ."

ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಬಗೆಯ ಅವಾಂತರ. ಟೊಮೇಟೊ ರಾಶಿಯ ಕಡೆ ಕೈ ಚಾಚಿದ ತಂಗಿಯ ಕೈ ಮೇಲೆ ಮಾಸ್ಟರ್ ಟೇಪಿನಿಂದ ಹೊಡೆದರು. "ಮುಟ್ಟೋ ಹಾಗಿಲ್ಲ! ಅಲಾರಾಂ ಹೊಡ್ಕೊಳ್ಳುತ್ತೆ!"

ತರಕಾರಿಯವಳು ಸೊಂಟದ ಮೇಲೆ ಕೈಯಿಟ್ಟಳು. "ಮುಟ್ಟದೆ ಹೆಂಗೆ ಆರಿಸ್ತೀರಾ?"

"ಆರಿಸೋಕಲ್ಲಮ್ಮ, ದೂರದಿಂದ ನೋಡ್ಕೊಂಡು ಮುಂದೆ ಹೋಗ್ತೀವಿ."

"ಅಯ್ಯೋ, ಮನೇಲಿ ಏನಾದ್ರೂ ತೊಂದ್ರೆನಾ ಅಕ್ಕಾ?" ಎಂದು ತರಕಾರಿಯವಳು ಕಾಜಕ್ಕನ ಕಿವಿಯಲ್ಲಿ ಕೇಳಿ, ಎರಡು ಸೌತೆಕಾಯಿ ಸುಮ್ಮನೆ ಚೀಲಕ್ಕೆ ಹಾಕಿದಳು. ಯಾವ ಮ್ಯೂಸಿಯಮ್ಮಿನಲ್ಲೂ ಯಾರಿಗೂ ಹೀಗೆ ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ನೀರಿನ ಟ್ಯಾಂಕಿನ ಕಾವಲುಗಾರ ಗೋಪುರ ಹತ್ತಲು ಬಿಡಲಿಲ್ಲ. ಅವನಿಗೆ ವಿವರಿಸುವುದರಲ್ಲೇ ಬಿಸಿಲು ಇಳಿಮುಖವಾಯಿತು. ಕಾಲುಸೇತುವೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಕಾಜಕ್ಕನ ಮಂಡಿ ಒಳಗಿಂದ ಯಾರೋ ಬಡಿದ ಹಾಗೆ ನೋಯುತ್ತಿತ್ತು. ಆದರೂ ಹಲ್ಲು ಕಚ್ಚಿಕೊಂಡು ಹತ್ತಿದಳು. ಇಷ್ಟಾದರೆ ಮುಗಿಯಿತಲ್ಲ, ಕೆಳಗಿಳಿದು ಹೋಗಿ ಹೆಸರು ಕೊಡುವುದಷ್ಟೇ.

ಸೇತುವೆಯ ನಡುವೆ ನಿಂತು ಮಾಸ್ಟರ್ ಗಡಿಯಾರ ನೋಡಿದರು. ಕನ್ನಡಿಯ ಮುಂದಿನ ಗಿರಾಕಿಯನ್ನು ನೋಡುವಂತೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಕೂರ್ತಾ ಇಲ್ಲ" ಎಂದರು.

"ಏನು ಕೂರ್ತಾ ಇಲ್ಲ?" ನರ್ಸಮ್ಮ ಏದುಸಿರು ಬಿಡುತ್ತ ಕೇಳಿದಳು.

"ಪ್ರವಾಸ. ಅರಮನೆ ಹತ್ರ ಬಿಗಿ, ಮ್ಯೂಸಿಯಮ್ ಹತ್ರ ಸಡಿಲ. ಗೋಪುರ ಅಂತೂ ಸಿಗಲೇ ಇಲ್ಲ. ಎಲ್ಲಾ ಬಿಚ್ಚಿ ಹೊಸದಾಗಿ ಹೊಲೀಬೇಕು. ಮುಂದಿನ ವರ್ಷ ನಿಧಾನವಾಗಿ…"

"ಅಣ್ಣಾ, ನಿನ್ನ ಟ್ರಯಲ್ಲಿಗೆ ಬೆಂಕಿ ಬೀಳ! ಅತ್ತಿಗೆ ಕಾಲು ನೋಡೋ!"

ಕಾಜಕ್ಕ ಕಂಬಿ ಹಿಡಿದು ಕೆಳಗೆ ನೋಡಿದಳು. ಮೆಟ್ಟಿಲಿಳಿದು ಬಲಕ್ಕೆ ಹೋದರೆ ಮನೆ, ಪ್ಲಾನಿನ ಪ್ರಕಾರ ಅದೇ ಹೋಟೆಲು. ಎಡಕ್ಕೆ ಹೋದರೆ ಪ್ರವಾಸದ ಆಫೀಸು, ಅದರ ಬಾಗಿಲು ಇನ್ನೂ ತೆರೆದಿತ್ತು. ಅವಳು ಒಂದೊಂದೇ ಮೆಟ್ಟಿಲಿಳಿದು ಎಡಕ್ಕೆ ತಿರುಗಿದಳು.

"ಲೇ, ಆ ಕಡೆ ಪ್ಲಾನಿನಲ್ಲಿಲ್ಲ!" ಎಂದು ಮಾಸ್ಟರ್ ಮೇಲಿನಿಂದ ಕೂಗಿದರು. ನಾದಿನಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಅತ್ತಿಗೆಯ ಹಿಂದೆ ಓಡಿದಳು.

ಆಫೀಸಿನ ಹುಡುಗಿ ಒಳ್ಳೆಯವಳು. ನೀರು ಕೊಟ್ಟು, ಕೂರಿಸಿ, ನಿಧಾನವಾಗಿ ಹೇಳಿದಳು. "ಯೋಚನೆ ಮಾಡಿ ಆಂಟಿ. ನಾನು ಇಲ್ಲಿ ಹೆಸರು ಹಾಕಿದ್ರೆ ಮುಗೀತು, ಆಮೇಲೆ ಬೇಡ ಅಂದ್ರೆ ಏನೂ ಮಾಡೋಕಾಗಲ್ಲ."

ಕಾಜಕ್ಕನಿಗೆ ಆಗ ತಟ್ಟನೆ ಗಂಡ ಅರ್ಥವಾದರು. ಕೋಟಿನಲ್ಲಿ ಎಲ್ಲವನ್ನೂ ಬಿಚ್ಚಿ ಹೊಲಿಯಬಹುದು, ಕಾಜಾ ಒಂದನ್ನು ಬಿಟ್ಟು. ಪೂರ್ತಿ ಮುಗಿದ, ಇಸ್ತ್ರಿಯಾದ ಕೋಟಿನ ಎದೆಗೇ ಕತ್ತರಿ ಹಾಕಬೇಕು, ಒಂದು ಎಳೆ ಆಚೀಚೆಯಾದರೆ ಕೋಟು ಹಾಳು. ಅದಕ್ಕೆ ಟ್ರಯಲ್ ಇಲ್ಲ. ಅವಳು ಕತ್ತರಿ ಎತ್ತಿಕೊಂಡ ಕೂಡಲೇ ಮಾಸ್ಟರ್ "ಟೀ ಕುಡಿದು ಬರ್ತೀನಿ" ಎಂದು ಅಂಗಡಿ ಬಿಟ್ಟು ಹೊರಗೆ ಹೋಗುತ್ತಿದ್ದರು. ಇಷ್ಟು ವರ್ಷ ಅದು ಟೀ ಚಟ ಎಂದುಕೊಂಡಿದ್ದಳಲ್ಲ! ಪಾಪ, ಮನುಷ್ಯನಿಗೆ ಬಿಚ್ಚಲಾಗದ್ದೆಂದರೆ ಭಯ. ತನಗೋ, ಅದೇ ದಿನನಿತ್ಯದ ಕೆಲಸ.

"ಹಾಕಮ್ಮ" ಎಂದಳು. "ನಂದೊಂದು, ಇವಳದೊಂದು."

"ಅಂಕಲ್‌ದು?"

ಅಂಕಲ್ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ಎದುರಿಗೇ ಯಾರೋ ಕತ್ತರಿ ಎತ್ತಿದಂಥ ದಿಗಿಲು ಇತ್ತು.

"ಬನ್ರೀ, ಇನ್ನೊಂದು ಜಾಗ ಇದೆಯಂತೆ" ಎಂದಳು ಕಾಜಕ್ಕ. ನಿಜವಾಗಿಯೇ ಕರೆದಳು, ಕಣ್ಣಲ್ಲೂ ಕರೆದಳು.

ಮಾಸ್ಟರ್ ಕುರ್ಚಿಯ ಬೆನ್ನು ಹಿಡಿದುಕೊಂಡು ಹುಡುಗಿಯನ್ನು ಕೇಳಿದರು. "ಆ ವಿಮಾನದ ಸೀಟಲ್ಲಿ ಮೊದಲು ಒಂದ್ಸಲ ಕೂತು ನೋಡೋಕೆ ಏನಾದ್ರೂ ಅವಕಾಶ…?"

"ಇಲ್ಲ ಅಂಕಲ್."

ಅಷ್ಟರಲ್ಲಿ ಏನೋ ಹೊಳೆದು ಅವರ ಮುಖ ಅರಳಿತು. "ಸರಿ ಹಾಗಾದ್ರೆ. ನೀವಿಬ್ರೂ ಹೋಗಿ ಬನ್ನಿ. ಇದನ್ನ ಟ್ರಯಲ್ ಅಂತ ಇಟ್ಕೊಳ್ಳೋಣ. ಎಲ್ಲೆಲ್ಲಿ ಬಿಗಿ, ಎಲ್ಲೆಲ್ಲಿ ಸಡಿಲ ನೋಡ್ಕೊಂಡು ಬಂದು ಹೇಳಿ. ಆಮೇಲೆ ನಾನು ಹೋಗ್ತೀನಿ."

"ಒಡಹುಟ್ಟಿದ ತಂಗೀನೇ ಕಚ್ಚಾ ಹೊಲಿಗೆ ಮಾಡ್ಬಿಟ್ಯಲ್ಲೋ ಅಣ್ಣಾ!" ಎಂದಳು ನರ್ಸಮ್ಮ.

ಮನೆಗೆ ಬಂದದ್ದೇ ತಡ, ಮಾಸ್ಟರ್ ಬೀರುವಿನಿಂದ ಯಾರಿಗೂ ಕೊಡದೆ ಇಟ್ಟಿದ್ದ ಉಣ್ಣೆಯ ಬಟ್ಟೆ ತೆಗೆದು ಹೆಂಡತಿಯ ಅಳತೆಗೆ ನಿಂತರು. ಅಲ್ಲಿ ಚಳಿ, ನನ್ನ ಹೆಂಡತಿ ಬೇರೆಯವರು ಹೊಲಿದ ಕೋಟು ಹಾಕಿಕೊಂಡು ಹೋಗುವುದೇ? ಗಿರಾಕಿಗಳ ಕೆಲಸವೆಲ್ಲ ಪಕ್ಕಕ್ಕೆ ಬಿತ್ತು. ಮೊದಲ ಟ್ರಯಲ್, ಎರಡನೆಯದು, ಅದನ್ನು ಬಿಚ್ಚಿ ಇನ್ನೊಂದು. ಒಲೆಯ ಮುಂದೆ ನಿಂತವಳನ್ನು "ಎಲ್ಲಿ, ಸೀನು" ಎಂದು ಸೀನಿಸಿದರು. ಹೊರಡುವ ದಿನ ಬಂತು, ಕೋಟು ಇನ್ನೂ ಕಚ್ಚಾ ಹೊಲಿಗೆಯಲ್ಲೇ ಇತ್ತು.

ಆಫೀಸಿನ ಮುಂದೆ ಗುಂಪಿನ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಕಾಜಕ್ಕ ಅದೇ ಕೋಟು ತೊಟ್ಟು, ಹೆಗಲ ತುಂಬ, ತೋಳಿನ ತುಂಬ ಬಿಳಿಯ ನೂಲು ಹೊತ್ತು ಕಿಟಕಿಯ ಪಕ್ಕ ಕೂತಿದ್ದಳು. ಗುಂಪಿನ ಹೆಂಗಸೊಬ್ಬಳು ಅದನ್ನು ಮುಟ್ಟಿ, "ಇದು ಹೊಸ ಫ್ಯಾಷನ್ನಾ?" ಎಂದಳು.

"ಹೂಂ, ಅಲ್ಲಿ ಎಲ್ಲಾ ಹಿಂಗೇ ಹಾಕೋದಂತೆ. ನಮ್ಮ ಅಳಿಯ ನೋಡಿದಾನೆ" ಎಂದಳು ನರ್ಸಮ್ಮ.

ಬಸ್ಸು ಅಲುಗಿತು. ಬೀಳ್ಕೊಡುವವರ ನಡುವಿನಿಂದ ಮಾಸ್ಟರ್ ಸೀಮೆಸುಣ್ಣ ಹಿಡಿದು ಕಿಟಕಿಯ ಜೊತೆಜೊತೆಗೆ ಓಡತೊಡಗಿದರು. "ಲೇ, ಎಡಗಡೆ ತೋಳು ಅರ್ಧ ಬೆರಳು ಉದ್ದ ಆಯ್ತು! ಇಳಿ, ಒಂದೇ ನಿಮಿಷ ಇಳಿ!"

ಕಾಜಕ್ಕ ಕಿಟಕಿಯಿಂದ ಆ ತೋಳನ್ನೇ ಹೊರಚಾಚಿದಳು. ಮಾಸ್ಟರ್ ಓಡುತ್ತಲೇ ಗುರುತು ಹಾಕಿದರು. ಗೆರೆ ಸೊಟ್ಟಗಾಯಿತು. ಬಸ್ಸು ವೇಗ ಹಿಡಿಯಿತು.

"ಬಂದ್ಮೇಲೆ ಸರಿಮಾಡೋಣ ರೀ!" ಎಂದು ಕೂಗಿ ಅವಳು ತೋಳು ಒಳಗೆಳೆದುಕೊಂಡಳು.