ಕೊಟ್ಟಳು ಎಂದ ಕಲ್ಲು

ನಾಲಗೆಯ ಮೇಲೆ ಕಲ್ಲಿನ ಪುಡಿ, ಸುಣ್ಣದ ಒಗರು, ಉಗುಳಿದರೂ ಹೋಗದು, ಲಿತುಮಾರ ಮತ್ತೆ ಉಗುಳಿದ, ಕೊರೆದ ಅಕ್ಷರಗಳ ಮೇಲೆ ಬೀಳದಂತೆ ಮುಖ ತಿರುಗಿಸಿ — ಅದ್ಗೆನ್ನ ತಾಯಂದಿರಿಗೆ ಕೊಟ್ಟಳು — ಗ್ರೀಕರ ಲಿಪಿ, ನಮ್ಮ ಮಾತು, ದೆದೆ, ಅಂದರೆ ಕೊಟ್ಟಳು, ಆದರೆ ಎಲ್ಲಿ ಕೊಟ್ಟಳು, ಒಳಗೆ ಮಗಳು ಅದ್ಗೆನ್ನ ನಿನ್ನೆ ಬೆಳಗಿನಿಂದ ಹೆರಿಗೆ ನೋವಿನಲ್ಲಿ ಮುಲುಗುತ್ತಿದ್ದಾಳೆ, ಹರಕೆಯ ಬೆಳ್ಳಿ ಕಡಗ ಇನ್ನೂ ಅವಳ ತೋಳಲ್ಲೇ ಇದೆ, ಊದಿದ ಮಾಂಸದೊಳಗೆ ಹೂತುಹೋಗಿದೆ. ಕಾಣಿಕೆ ತಾಯಿದೇವತೆಗಳ ಚಿಲುಮೆಗೆ ಬಿದ್ದ ಮೇಲೆಯೇ ಕೊನೆಯ ಮಾತು ಕೊರೆಯಬೇಕು, ಕಲ್ಲುಕುಟಿಗರ ಕಟ್ಟಳೆ ಅದು, ಅಪ್ಪ ಒಮ್ಮೆಯೂ ಮೀರಿದವನಲ್ಲ, ಆ ಒಂದು ಮಾತಿನ ಜಾಗ ಬರಿದೇ ಬಿಟ್ಟು ಕೈಕಟ್ಟಿ ಕೂರುತ್ತಿದ್ದ, ಇವನೋ ಬೆಳಗಿನ ಚೀರಾಟ ಕೇಳಲಾರದೆ ಕೊರೆದೇಬಿಟ್ಟ, ಮಾತು ಮುಂದೆ ಹೋದರೆ ಕೆಲಸ ಹಿಂದೆಯೇ ಬಂದೀತು ಅಂದುಕೊಂಡು. ದೆ, ದೆ. ಓಕ್ ಮರದ ಕೆಳಗೆ ಪದ್ಯ ಹೇಳಿಕೊಡುತ್ತಿದ್ದ ಮುದುಕ ಸೆನೋವಿರ ನೆನಪಾದ, ಹಲ್ಲಿಲ್ಲದ ಬಾಯಲ್ಲಿ ಅನ್ನುತ್ತಿದ್ದ, ಕೊಟ್ಟದ್ದನ್ನ ಹೇಳುವಾಗ ಮಾತು ಯಾಕೋ ತೊದಲುತ್ತೆ ಗೊತ್ತಾ, ಮೊದಲನೇ ದೆ ಕೈ ಚಾಚಿದ್ದು, ಎರಡನೇದು ಬರಿಗೈ ವಾಪಸ್ಸು ಬಂದಿದ್ದು, ಹಿಂದಿನವರ ಮಾತಲ್ಲಿ ಅಕ್ಷರ ಎರಡು ಸಲ ಕಾಲೂರಿದರೇನೇ ಕೆಲಸ ಆದ ಹಾಗೆ, ಈಗಿನವರು ಮಾತಿನ ಬಾಲಕ್ಕೆ ಏನೋ ಒಂದು ಹಚ್ಚಿ ಆಯ್ತು ಅಂತೀರಿ, ಸೋಮಾರಿಗಳು — ಮತ್ತೆ ದನಿ ತಗ್ಗಿಸಿ, ಬಾಯಲ್ಲಿ ಹೇಳಿದ್ದನ್ನ ನಾಳೆ ತಿದ್ದಬಹುದು, ಕಲ್ಲಿಗೆ ಹೇಳುವಾಗ ಹುಷಾರು, ಅದು ಒಂದೇ ಸಲ ಕೇಳಿಸಿಕೊಳ್ಳುತ್ತೆ. ಕೇಳಿಸಿಕೊಂಡಿತು. ಚಿಲುಮೆಯ ಮೂವರು ತಾಯಂದಿರು ಈಗ ಓದುತ್ತಿರಬಹುದು, ಕೊಟ್ಟಳು ಅಂತಿದೆ, ಏನನ್ನು ಅಂತಿಲ್ಲ, ಕಡಗ ಬಂದಿಲ್ಲ, ಹಾಗಾದರೆ ನಾವೇ ಆರಿಸಿಕೊಳ್ಳೋಣ, ಮಗುವೋ, ತೋಳೋ, ಇಡೀ ಹುಡುಗಿಯೋ — ಅಯ್ಯೋ ಬೇಡ — ಉಜ್ಜಿ ಅಳಿಸಲೇ, ಅಳಿಸಿದರೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ, ಅದು ಇನ್ನೂ ಕೆಟ್ಟದ್ದು.

ಬಾಗಿಲಲ್ಲಿ ತಂಗಿ ಬಿಮ್ಮಾ, ಮೊಣಕೈವರೆಗೂ ಹಂದಿಕೊಬ್ಬು, ಜಿಡ್ಡು ಹಚ್ಚಿ ಎಳೆದೆ ಅಣ್ಣಾ, ಕಡಗ ಬರ್ತಿಲ್ಲ, ಬೆರಳೆಲ್ಲ ನೀಲಿಯಾಗ್ತಿದೆ, ನೀನೇನು ಕಲ್ಲಿನ ಮುಂದೆ ಕೂತಿದ್ದೀಯ, ಅದೇನು ಹೆರುತ್ತಾ, ಉಳಿ ತಗೊಂಡು ಬಾ. ಉಳಿಯಾ, ಅವಳ ತೋಳಿಗೆ ಉಳಿಯಾ, ಕಲ್ಲು ಒಡೆಯೋ ಕೈ ಕಣೇ ಇದು. ಇರಲಿ ಬಿಡು, ಊರಿನ ಕಲ್ಲಿಗೆಲ್ಲ ಆಗೋ ಕೈ ಮಗಳಿಗಾಗಲ್ವಾ. ಒಳಗೆ ಬೆವರಿನ ವಾಸನೆ, ಬಿಸಿನೀರ ಹಬೆ, ಅವಳ ತುಟಿ ಒಣಗಿ ಬಿರಿದಿದೆ, ಅಪ್ಪಾ, ಕಲ್ಲಲ್ಲಿ ಬರೆದೆಯಾ, ಬರೆದೆ ಮಗಳೇ, ಮತ್ತೆ ಕಡಗ ಬೇಗ ತೆಗಿ, ನನ್ನನ್ನ ಸುಳ್ಳಿ ಮಾಡಬೇಡ. ಕಡಗದ ಕೆಳಗೆ ತೊಗಲಿನ ಚೂರು ತೂರಿಸಿದ್ದಾಯಿತು, ಉಳಿಯ ಮೊನೆ ಬೆಳ್ಳಿಯ ಮೇಲೆ, ಕೂದಲೆಳೆ ಜಾರಿದರೆ — ತಾಯಂದಿರೇ, ಕಣ್ಣು ಮುಚ್ಚಿಕೊಳ್ಳಿ — ಒಂದು ಪೆಟ್ಟು, ಅವಳ ಚೀರು, ಇನ್ನೊಂದು ಪೆಟ್ಟು, ಬೆಳ್ಳಿ ಬಿರಿದು ಬಾಯಿಬಿಟ್ಟಿತು, ಬಿಮ್ಮಾ ಕಿತ್ತುಕೊಂಡು ಚಿಲುಮೆಯ ಕಡೆ ಓಡಿದಳು, ಅವಳ ಹೆಜ್ಜೆ ದೂರವಾಯಿತು, ಮಗಳು ಕಣ್ಣು ಮುಚ್ಚಿದಳು, ಚೀರುತ್ತಿಲ್ಲ, ಯಾಕೆ ಚೀರುತ್ತಿಲ್ಲ, ಕಡಗವಿದ್ದಲ್ಲಿ ತೋಳಿನ ಸುತ್ತ ಒಂದು ಗೆರೆ, ಆಳ, ಅಂಚು ಚೂಪು, ಅವನೇ ಕೊರೆದ ಹಾಗೆ, ಕಲ್ಲಿನ ಗೆರೆ ತುಂಬಿಕೊಳ್ಳುವುದಿಲ್ಲ, ತೋಳು ತುಂಬಿಕೊಳ್ಳಬೇಕು, ರಕ್ತ ಓಡಿ ಬರಬೇಕು, ಹೆಬ್ಬೆರಳಿಂದ ತೀಡಿದ, ಕೆಂಪಾಗು, ತೀಡಿದ, ಕೆಂಪಾಗು ತಾಯೀ, ಕಡಗ ಚಿಲುಮೆ ಮುಟ್ಟಿತೋ, ಅವರು ಮೊದಲೇ ಆರಿಸಿಕೊಂಡರೋ, ಬೆಳ್ಳಗೇ ಇದೆ, ಗೆರೆ, ಬೆಳ್ಳಗೆ, ಗೆರೆ —