ತಿರುವಿನಲ್ಲಿ ನಿಲ್ಲುವ ನಿಯಮ

"ಕೈ ಬಿಡು ಮಗಾ, ಅಣ್ಣನನ್ನು ಇದೇ ದಾರಿಯಲ್ಲಿ ಹೊರಗೆ ತರಬೇಕಲ್ಲ," ಎಂದು ಚಿಕ್ಕಪ್ಪ ಸುಬ್ರಾಯ ಸೈಕಲ್ಲಿನ ಹಿಂದಿನ ಚಕ್ರ ಹಿಡಿದು ಎಳೆದ.

ವೀಕ್ಷಾ ಹ್ಯಾಂಡಲ್ ಬಿಡಲಿಲ್ಲ. ಮದ್ರಾಸಿನ ವೆಸ್ಟ್ ಮಾಂಬಲಂನ ಆ ಫ್ಲ್ಯಾಟಿನ ಬಾಗಿಲ ಹೊರಗೆ ಎರಡು ಸೈಕಲ್ ನಿಂತರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ನಿನ್ನೆ ಬೆಳಿಗ್ಗೆ ಈ ಸೈಕಲ್ ಹತ್ತಿ ಹೊರಟ ಅಪ್ಪ ಪರಂಗಿಮಲೆಯ ಏರಿನಲ್ಲಿ ಎದೆ ಹಿಡಿದುಕೊಂಡು ಬಿದ್ದವರು, ಈಗ ಒಳಗೆ ಐಸ್ ಪೆಟ್ಟಿಗೆಯಲ್ಲಿದ್ದಾರೆ. ಅವಳಿಗೆ ಇನ್ನೂ ನಂಬಿಕೆಯಾಗಿರಲಿಲ್ಲ.

"ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ಈ ಪ್ರಾಯದಲ್ಲಿ ಗುಡ್ಡ ಹತ್ತುವ ಮರುಳು ಎಂತಕ್ಕೆ ಭಟ್ರೇ?" ಎಂದು ಸುಬ್ರಾಯ ಪುರೋಹಿತರ ಕಡೆ ತಿರುಗಿದ.

ಒಳಗೆ ಗೋಡೆಗೊರಗಿ ಕೂತಿದ್ದ ವಿನೋದಾ ಮಗಳನ್ನು ಕರೆದು ಮತ್ತೆ ಅದನ್ನೇ ಕೇಳಿದಳು. "ನೀರು ಕೇಳಿದರಲ್ಲ? ನೀನು ಕುಡಿಸಿದೆಯಲ್ಲ?"

"ಹ್ಞೂಂ."

"ಅಷ್ಟಾದರೂ ಪುಣ್ಯ. ಮಗಳ ಕೈಯ ನೀರು ಸಿಕ್ಕಿತು."

*

ಮೂರು ವರ್ಷದ ಹಿಂದೆ, ೨೦೦೫ರಲ್ಲಿ, ಹೋಟೆಲಿನ ಟಿವಿಯಲ್ಲಿ ಕ್ರಿಕೆಟ್ ಮಳೆಗೆ ನಿಂತಾಗ ಚಾನೆಲ್ ತಿರುಗಿಸುತ್ತಿದ್ದ ವೀಕ್ಷಾಳ ಅಪ್ಪ ವಿಷ್ಣುಮೂರ್ತಿಯ ಕಣ್ಣಿಗೆ ಆ ರೇಸ್ ಬಿದ್ದಿತ್ತು. ದಕ್ಷಿಣ ಆಫ್ರಿಕಾದ ಬೆಟ್ಟಗಳು, ಕಲ್ಲು, ಕೆಸರು, ಮುಖವೆಲ್ಲ ಮಣ್ಣಾದ ಸೈಕಲ್ ಸವಾರರು. ಮಳೆ ನಿಂತು ಆಟ ಶುರುವಾದರೂ ಪುಣ್ಯಾತ್ಮ ಚಾನೆಲ್ ಬದಲಿಸಲಿಲ್ಲ. ದೋಸೆ ಮುಂದಿಟ್ಟುಕೊಂಡವರು ಬೊಬ್ಬೆ ಹಾಕಿದರು. ಮರುದಿನದಿಂದ ಚಟ್ನಿ ಕೇಳಿದವರಿಗೂ ಆ ರೇಸಿನ ಕಥೆಯನ್ನೇ ಬಡಿಸತೊಡಗಿದ. ಬೆಟ್ಟದ ಹುಚ್ಚು ಹಿಡಿಸಿಕೊಳ್ಳಲು ಅವನಿಗೆ ಸಿಕ್ಕಿದ ಊರಾದರೂ ಎಂಥದ್ದು! ದೋಸೆ ಕಾವಲಿಯಷ್ಟು ಚಪ್ಪಟೆ ಮದ್ರಾಸು. ಕೊನೆಗೆ ಗಿಂಡಿ ಬಡಾವಣೆಯಾಚೆಯ ಪರಂಗಿಮಲೆ ಗುಡ್ಡವೇ ಗತಿಯಾಯಿತು. ಅಪ್ಪನಿಗೊಂದು ಮಗಳಿಗೊಂದು ಎಂದು ಗೇರಿನ ಸೈಕಲ್ ಎರಡು ಬಂದವು.

"ಇಬ್ಬರಿಬ್ಬರ ಜೋಡಿ ಅದು ಮಗಾ. ಒಬ್ಬ ಎರಡು ನಿಮಿಷಕ್ಕಿಂತ ಮುಂದೆ ಹೋಗುವ ಹಾಗಿಲ್ಲ. ಹಿಂದಿನವನಿಗೆ ಕಾಯಲೇಬೇಕು. ಎಂಥಾ ಚಂದದ ನಿಯಮ ನೋಡು!"

"ಓಕೆ ಪಾ. ಆದ್ರೆ ಕಾಯೋದು ಯಾವಾಗ್ಲೂ ನಾನೇ," ಎಂದು ವೀಕ್ಷಾ ಕಿಚಾಯಿಸಿದ್ದಳು.

ಅಂದಿನಿಂದ ಗುಡ್ಡದ ಪ್ರತಿ ತಿರುವಿನಲ್ಲೂ ಅವಳು ಒಂದು ಕಾಲು ನೆಲಕ್ಕೂರಿ ಹಿಂದೆ ತಿರುಗಿ ನೋಡುತ್ತಿದ್ದಳು. ಅಪ್ಪ ಏದುಸಿರು ಬಿಡುತ್ತ, ನಗುತ್ತ ಬರುತ್ತಿದ್ದರು. ಮುಂದಿನ ವರ್ಷ ಆಫ್ರಿಕಾಕ್ಕೆ ಹೋಗುವುದೇ ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು.

*

"ಗಂಡುಮಕ್ಕಳಿಲ್ಲ. ಕರ್ಮ ಯಾರು ಹಿಡಿಯುದು?" ಪುರೋಹಿತರು ಕೇಳಿದರು.

"ತಮ್ಮ ನಾನುಂಟಲ್ಲ," ಎಂದ ಸುಬ್ರಾಯ.

"ಅವಳೇ ಮಾಡಲಿ," ಎಂದು ವಿನೋದಾ ಮಗಳ ತಲೆಯ ಮೇಲೆ ಕೈಯಿಟ್ಟಳು. "ಬಾಯಿಗೆ ನೀರು ಬಿಟ್ಟವಳು ಅವಳು."

ವೀಕ್ಷಾ ಅಮ್ಮನ ಕಡೆ ತಿರುಗಿದಳು. ಕನ್ನಡ ಬಾಯಿಗೆ ಬರಲಿಲ್ಲ. "ನಾನ್ ಪಕ್ಕತ್ತುಲೇ ಇಲ್ಲಮ್ಮಾ," ಎಂದು ತಮಿಳಿನಲ್ಲಿ ತೊದಲಿದಳು. ಆಮೇಲೆ ಮಾತು ನುಗ್ಗಿತು. "ಹತ್ತಿರ ಇರಲೇ ಇಲ್ಲ. ಒಂದ್ಸಲ ಎಲ್ಲೂ ನಿಲ್ಲದೆ ತುದಿಗೆ ಹೋಗಬೇಕು ಅಂತ ಆಸೆ ಆಯ್ತು. ಹೋಗ್ಬಿಟ್ಟೆ. ಮೇಲೆ ಕೂತು ಅಪ್ಪ ಈಗ ಬರ್ತಾರೆ, ಈಗ ಬರ್ತಾರೆ ಅಂತ ಕಾದೆ. ಇಳಿದು ಬಂದಾಗ ಎಲ್ಲಾ ಮುಗಿದಿತ್ತು. ನೀರು ಕೇಳಲೇ ಇಲ್ಲಮ್ಮ."

ವಿನೋದಾ ಮಗಳ ತಲೆಯ ಮೇಲಿನ ಕೈ ತೆಗೆದಳು. ಗಂಡ ಹೋದ ಸುದ್ದಿ ಕೇಳಿದಾಗಲೂ ಅವಳ ಮುಖ ಹೀಗೆ ಬಿಳಿಚಿರಲಿಲ್ಲ.

"ಒಬ್ಬರೇ ಬಿದ್ದಿದ್ದರಾ?"

"ಹ್ಞೂಂ."

ವಿನೋದಾ ಐಸ್ ಪೆಟ್ಟಿಗೆಯ ಕಡೆ ನೋಡಿ, "ಆದರೂ ನೀನೇ ಹೋಗು. ನೀರಿನ ಮಡಕೆ ನೀನೇ ಹೊರು," ಎಂದಳು. ಯಾಕೆ ಹಾಗೆಂದಳೆಂದು ಕೇಳುವ ಧೈರ್ಯ ಸುಬ್ರಾಯನಿಗೆ ಬರಲಿಲ್ಲ. ಅವನು ಹೊರಗೆ ಹೋಗಿ ಅಣ್ಣನ ಸೈಕಲ್ಲನ್ನು ಎತ್ತಿ ಮೆಟ್ಟಿಲ ಕೆಳಗಿಟ್ಟ.

*

ಸ್ಮಶಾನದಲ್ಲಿ ವೀಕ್ಷಾ ಮಡಕೆ ಹೊತ್ತು ಚಿತೆಗೆ ಸುತ್ತು ಬಂದಳು. ಒಂದೊಂದು ಸುತ್ತಿಗೂ ಪುರೋಹಿತರು ಮಡಕೆಗೆ ಒಂದೊಂದು ತೂತು ಮಾಡಿದರು. ನೀರು ಅವಳ ಬೆನ್ನ ಮೇಲಿಂದ ಇಳಿದು, ಅಪ್ಪನ ಸುತ್ತಲಿನ ಒಣಮಣ್ಣಿಗೆ ಬಿತ್ತು.

"ಇನ್ನು ಮಡಕೆ ಹಿಂದಕ್ಕೆ ಬಿಡು. ಬೆನ್ನು ಹಾಕಿಯೇ ಕೊಳ್ಳಿ ಇಡು. ಆಮೇಲೆ ಸೀದಾ ನಡೆಯುದು. ಹಿಂದೆ ತಿರುಗಿ ನೋಡಬಾರದು."

ಮಡಕೆ ಒಡೆಯಿತು. ಬೆಂಕಿ ಹತ್ತಿತು. ಸುಬ್ರಾಯ ಅವಳ ತೋಳು ಹಿಡಿದು ನಡೆಸಿದ. ಗೇಟಿನ ಹತ್ತಿರ ದಾರಿ ಎಡಕ್ಕೆ ತಿರುಗುತ್ತಿತ್ತು. ಅಲ್ಲಿ ವೀಕ್ಷಾ ನಿಂತಳು.

"ನಡಿ ಮಗಾ. ನೋಡಬಾರದು."

ಅವಳು ತೋಳು ಬಿಡಿಸಿಕೊಂಡಳು. ಒಂದು ಕಾಲನ್ನು ಗಟ್ಟಿಯಾಗಿ ನೆಲಕ್ಕೂರಿ, ಹಿಂದೆ ತಿರುಗಿ ನಿಂತಳು.